ಶಟರ್ ಕೆಳಗಿನ ಬೆಳಕು

ಬೆಳಕು ಇಳಿಯುತ್ತಿದೆ, ಯಾರೋ ಬಾಗಿಲ ಶಟರ್ ಎಳೆಯುತ್ತಿದ್ದಾರೆ, ಕರಕರ ಕರಕರ, ಹಾಡಹಗಲಲ್ಲಿ ಯಾಕೆ — ಅವಳ ಮೂಗಿನ ತುದಿಯಿಂದ ಬೆವರಹನಿಯೊಂದು ಅಣ್ಣನ ಹಣೆಯ ಮೇಲೆ ಬಿತ್ತು, ಅಯ್ಯೋ, ಇವನು ಯಾಕೆ ಕೆಳಗಿದ್ದಾನೆ, ಎರಡೂ ಭುಜ ಮ್ಯಾಟಿಗೆ ಅಂಟಿವೆ, ಒತ್ತಿ ಹಿಡಿದ ಕೈಗಳು ತನ್ನವೇ, ಅಂದರೆ ಚಿತ್, ಕಡ್ಡಿ ಕಡ್ಡಿ ಅಂತ ಛೇಡಿಸುತ್ತಾ ದಿನಾ ಎತ್ತಿ ಒಗೆಯುತ್ತಿದ್ದ ಅಣ್ಣ ಇವತ್ತು ಚಿತ್. ಬೇಕಂತ ಬಿದ್ಯೇನೋ? ಇಲ್ಲ ಕಣೇ, ದೇವ್ರಾಣೆ ಬಿದ್ದೆ. ಅವನ ಬಾಯಿ ತೆರೆದೇ ಇದೆ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ಇಲ್ಲಿ ಮಣ್ಣೂ ಇಲ್ಲ, ಇವನಿಗೆ ಮೀಸೆಯೂ ನೆಟ್ಟಗೆ ಬಂದಿಲ್ಲ, ನಗು ಬರುತ್ತಿದೆ, ನಗಬಾರದು, ಸೀಟಿ ಎಲ್ಲಿ, ಭುಜ ನೆಲ ಮುಟ್ಟಿದರೆ ಸೀಟಿ ಊದಬೇಕು, ಈ ಕುಸ್ತಿ ಶಾಲೆಯಲ್ಲಿ ಅಪ್ಪನೇ ಮೇಷ್ಟ್ರು, ಕಮಿಟಿಯವರು ಬರೋದ್ರೊಳಗೆ ಮೈ ಬಿಸಿ ಮಾಡ್ಕೊಳ್ಳಿ ಅಂದವನೂ ಅಪ್ಪನೇ — ಸೀಟಿ ಊದಲಿಲ್ಲ, ಕರಕರ ಕರಕರ, ಬೆಳಕು ಈಗ ಮೊಣಕಾಲೆತ್ತರ, ಶಟರ್ ಎಳೆಯುತ್ತಿರುವವನು ಅಪ್ಪ.

ಹೊರಗೆ ಕಾರಿನ ಬಾಗಿಲು ಧಡ್ ಎಂದಿತು, ಬಂದರು, ಇವತ್ತು ಅವರು ನೋಡಿ ಹೇಳಬೇಕು, ಹುಡುಗಿಯರಿಗೂ ಈ ಮ್ಯಾಟು ಸಿಗುತ್ತದೋ, ಇಲ್ಲಾ ಹಿಂದಿನ ಸಾಮಾನು ಕೋಣೆಯ ಸಿಮೆಂಟಿನ ಮೇಲೆ ಹಳೇ ಹಾಸಿಗೆ ಹಾಸಿಕೊಂಡು ಬೀಳುತ್ತಲೇ ಇರಬೇಕೋ, ಮೊಣಕೈ ತರಚಿಕೊಂಡ ಆ ಹುಡುಗಿಯರೆಲ್ಲ ಗೋಡೆಗೆ ಒರಗಿ ನಿಂತಿದ್ದಾರೆ, ಒಬ್ಬಳೂ ಚಪ್ಪಾಳೆ ತಟ್ಟುತ್ತಿಲ್ಲ. ಇವರಿಗೋಸ್ಕರ ಕಮಿಟಿಯ ಮೇಜು ಗುದ್ದಿದವನು ಅಪ್ಪ, ನನ್ನ ಮಗಳು ನನ್ನ ಮಗನಿಗೆ ಸರಿಸಮ ಸ್ವಾಮಿ, ಬಂದು ಕಣ್ಣಾರೆ ನೋಡಿ, ಅಂತ ಅಂದದ್ದನ್ನು ಊಟದ ಹೊತ್ತಿಗೆ ಮನೆಯಲ್ಲಿ ಮತ್ತೆ ಮತ್ತೆ ಹೇಳಿ ಎದೆಯುಬ್ಬಿಸಿದ್ದ, ಅಮ್ಮ ತಟ್ಟೆ ಎತ್ತಿಕೊಳ್ಳುತ್ತಾ, ಸರಿಸಮ ಅಂದ್ರೆ ಎಲ್ಲೀವರೆಗೆ, ಅಂದಿದ್ದಳು, ಅಪ್ಪ ನಕ್ಕಿದ್ದ, ತಾನೂ ನಕ್ಕಿದ್ದಳು. ಎಲ್ಲೀವರೆಗೆ. ಬೆಳಕು ಗೇಣಷ್ಟು, ಅದರಲ್ಲಿ ಹೊಳೆಯುವ ಬೂಟುಗಳು, ಏನ್ ಮೇಷ್ಟ್ರೇ, ಕರೆದು ಬಾಗಿಲು ಹಾಕ್ತೀರಲ್ಲ? ಕ್ಷಮಿಸಿ ಸಾರ್, ಮಗಳಿಗೆ ಪೆಟ್ಟಾಯ್ತು. ಯಾವ ಮಗಳಿಗೆ? ತನ್ನ ಕುತ್ತಿಗೆ ಸರಿಯಿದೆ, ಸೊಂಟ ಸರಿಯಿದೆ, ಅಪ್ಪನಿಗೆ ಇನ್ನೊಬ್ಬಳು ಮಗಳಿದ್ದಾಳೆಯೇ — ನಾವು ಮೊದ್ಲೇ ಬಡ್ಕೊಂಡ್ವಿ ಮೇಷ್ಟ್ರೇ, ಹೆಣ್ಮಕ್ಕಳಿಗೆ ಇದೆಲ್ಲ ಆಗಿಬರಲ್ಲ, ಹಿಂದಿನ ಕೋಣೆನೇ ಸಾಕು ಬಿಡಿ. ಹೌದು ಸಾರ್. ಹೌದು ಸಾರ್ ಅಂದನೇ, ಅಪ್ಪ ಹೌದು ಸಾರ್ ಅಂದನೇ, ಅಪ್ಪಾ, ಪೆಟ್ಟಾಗಿದ್ದು ನಂಗೆ ಅನ್ನು, ಅಂತ ಕೆಳಗಿನಿಂದ ಅಣ್ಣ ಪಿಸುಗುಡುತ್ತಿದ್ದಾನೆ, ಜೋರಾಗಿ ಹೇಳೋ, ಜೋರಾಗಿ, ತಾನೇ ಕೂಗಬೇಕು, ನಾನಿಲ್ಲಿ ಚೆನ್ನಾಗಿದ್ದೀನಿ ಅಂತ, ಗೆದ್ದಿದ್ದೀನಿ ಅಂತ, ಕೈಗಳು ಅಣ್ಣನ ಭುಜವನ್ನು ಇನ್ನೂ ಒತ್ತುತ್ತಲೇ ಇವೆ, ಬೂಟುಗಳು ತಿರುಗಿದವು, ಕಾರು ಹೊರಟಿತು, ಬೆಳಕು ಒಂದು ಗೆರೆ, ಶಟರ್‌ನ ಅಂಚಿನ ಮೇಲೆ ಅಪ್ಪನ ಕಾಲು, ಇನ್ನೂ ಒತ್ತುತ್ತಿದೆ, ಗೆರೆ, ಅಪ್ಪನ ಕಾಲು, ಗೆರೆ —