ಹುಲ್ಲಿನ ಗೊಲ್ಯಾತ

ಗೋಧಿ ಕೊಯ್ಲು ಮುಗಿದ ಮೊದಲ ಭಾನುವಾರ, ಅಮೆರಿಕದ ಕ್ಯಾನ್ಸಸಿನ ಆ ಸಣ್ಣ ಮೆನೊನೈಟ್ ಕ್ರೈಸ್ತ ಸಭೆಯವರು ಪ್ರತಿ ವರ್ಷ ಚರ್ಚಿನ ಹಿಂದಿನ ಬಯಲಲ್ಲಿ ಹುಲ್ಲಿನ ಗೊಲ್ಯಾತನನ್ನು, ಬೈಬಲಿನ ಹುಡುಗ ದಾವೀದ ಕವಣೆಕಲ್ಲಿನಿಂದ ಕೆಡವಿದ ಆ ದೈತ್ಯನನ್ನು, ನಿಲ್ಲಿಸುತ್ತಿದ್ದರು. ಮಕ್ಕಳು ದಾರದ ಕವಣೆಯಲ್ಲಿ ಕಾಯಿಸೇಬು ಇಟ್ಟು, ತಲೆಯ ಮೇಲೆ ತಿರುಗಿಸಿ ಬೀಸಬೇಕು. ಹೊಡೆದವರಿಗೆ ಚೆರ್ರಿ ಪೈಯ ಮೊದಲ ತುಂಡು.

ಹತ್ತೊಂಬತ್ತು ವರ್ಷದಿಂದ ಭಾನುವಾರದ ಶಾಲೆ ನಡೆಸುತ್ತಿದ್ದ ಮೆನ್ನೋ ಶ್ರಾಗ್ ಕಲಿಸಿದ್ದು ಒಂದೇ ಪಾಠ: ತಿರುಗುವ ಕಲ್ಲನ್ನು ಒಂದು ಬಲ ಹೊರಕ್ಕೆ ನೂಕುತ್ತಿರುತ್ತದೆ, ಅದು ಗೊಲ್ಯಾತನ ನೇರಕ್ಕೆ ಬಂದಾಗ ಬಿಟ್ಟುಬಿಡು. ಸೇಬು ಪ್ರತಿ ಸಲವೂ ಎಡಕ್ಕೆ ಹಾರುತ್ತಿತ್ತು. ಮೆನ್ನೋ ಮಗುವಿನ ತಲೆ ಸವರಿ, ದಾವೀದನಷ್ಟು ನಂಬಿಕೆ ನಿನಗಿನ್ನೂ ಬಂದಿಲ್ಲ ಎನ್ನುತ್ತಿದ್ದ.

ಈ ವರ್ಷ ಅರ್ಧ ಮಕ್ಕಳನ್ನು ಲೊರೀನಾ ವೋತ್‌ಗೆ ಒಪ್ಪಿಸಿದ್ದರು. ಅವಳೂ ಒಂದು ಕಾಲಕ್ಕೆ ಮೆನ್ನೋನ ಶಿಷ್ಯೆಯೇ. ಊಟವಾದ ಮೇಲೆ ಹಿರಿಯರು ಇಬ್ಬರಲ್ಲಿ ಒಬ್ಬರಿಗೆ ಇಡೀ ತರಗತಿ ವಹಿಸುವವರಿದ್ದರು.

ಅವಳ ತಂಡದ ಮಕ್ಕಳಲ್ಲಿ ಮೂವರು ಗೊಲ್ಯಾತನನ್ನು ಹೊಡೆದರು. ಒಂದೊಂದು ಸೇಬು ಹುಲ್ಲಿಗೆ ತಾಕಿದಾಗಲೂ ಮೆನ್ನೋನಿಗೆ ಹೊಟ್ಟೆಕಿಚ್ಚಾಯಿತು. ದೇವರ ವಾಕ್ಯ ಬಾಯಿಪಾಠವಿಲ್ಲದ ಮಕ್ಕಳು! ಅವನು ತಾನೇ ಕವಣೆ ಕಸಿದುಕೊಂಡ. ದೊಡ್ಡ ಸೇಬು ಬೇಗ ನೆಲಕ್ಕೆ ಬೀಳುತ್ತದೆಂದು ಸಣ್ಣದೊಂದನ್ನು ಆರಿಸಿ, ಬೀಸಿ, ಗೊಲ್ಯಾತನ ನೇರಕ್ಕೆ ಬಿಟ್ಟ. ಸೇಬು ಎಡಕ್ಕೆ ಹೋಗಿ ಅವನ ಹೆಂಡತಿ ಆಲ್ಮಾಳ ಪೈಯೊಳಗೇ ಕೂತಿತು.

“ಅಂತೂ ಹತ್ತೊಂಬತ್ತು ವರ್ಷಕ್ಕೆ ಏನೋ ಒಂದನ್ನ ಹೊಡೆದ್ರಲ್ಲ,” ಎಂದಳು ಆಲ್ಮಾ. ಬಯಲೆಲ್ಲ ನಕ್ಕಿತು.

ಲೊರೀನಾ ನಗಲಿಲ್ಲ. ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ ಹೇಳಿದಳು: “ಅದನ್ನ ಯಾರೂ ಹೊರಕ್ಕೆ ನೂಕಲ್ಲ, ಮೇಷ್ಟ್ರೇ. ದಾರ ಒಳಕ್ಕೆ ಎಳೀತಾ ಇರುತ್ತೆ ಅಷ್ಟೆ. ಬಿಟ್ಟ ಗಳಿಗೆಗೆ ಎತ್ತ ಹೊರಟಿತ್ತೋ ಅತ್ತ ನೆಟ್ಟಗೆ ಹೋಗುತ್ತೆ. ನಿಮ್ಮ ಬಲಕ್ಕೆ ಬಂದಾಗ ಬಿಡಿ. ಸೇಬು ದೊಡ್ಡದಾದ್ರೂ ಚಿಕ್ಕದಾದ್ರೂ ನೆಲ ಎಲ್ಲಾನೂ ಒಂದೇ ಸಮ ಕರ್ಕೊಳ್ಳುತ್ತೆ.”

“ನಂಗೇ ಪಾಠ ಹೇಳ್ತೀಯೇನು?”

“ಎಂಟು ವರ್ಷದೋಳಿದ್ದಾಗ ನನ್ನದೂ ಎಡಕ್ಕೆ ಹೋಯ್ತು. ನಂಬಿಕೆ ಸಾಲ್ದು ಅಂದ್ರಿ. ಮೂರು ವರ್ಷ ದಿನಾ ಮಲಗೋಕೆ ಮುಂಚೆ ಅದನ್ನೇ ಬೇಡ್ಕೊಂಡೆ ಮೇಷ್ಟ್ರೇ.”

ಮೆನ್ನೋ ಕೈಗೆ ಸಿಕ್ಕ ದೊಡ್ಡ ಸೇಬನ್ನೇ ಇಟ್ಟು ಬೀಸಿದ; ಬಲಕ್ಕೆ ಬಂದಾಗ ಬೆರಳು ಸಡಿಲಿಸಿದ. ಗೊಲ್ಯಾತನ ಮೊಣಕಾಲು ಮುರಿಯಿತು.

ಮಕ್ಕಳು ಕೂಗಿದರು. ಮೆನ್ನೋನಿಗೆ ಮಾತ್ರ ಹತ್ತೊಂಬತ್ತು ವರ್ಷ ಸವರಿದ್ದ ಪುಟ್ಟ ತಲೆಗಳು ಒಂದೊಂದಾಗಿ ಅಂಗೈಗೆ ತಾಕಿದಂತಾಯಿತು. ಹೊಟ್ಟೆಕಿಚ್ಚು ಆರಿರಲಿಲ್ಲ. ಅವಳು ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗಲೂ ಅನ್ನಿಸಿತು. ಹಾಗನ್ನಿಸುತ್ತಿರುವಾಗಲೇ ಅವನು ಹಿರಿಯರ ಮೇಜಿನತ್ತ ನಡೆದ.

“ತರಗತಿ ಅವಳಿಗೇ ಕೊಡಿ,” ಎಂದ. ಮತ್ತೆ, ಪೈ ಮೆಲ್ಲುತ್ತಿದ್ದ ದೊಡ್ಡವರ ಕಡೆ ತಿರುಗಿ, ತನ್ನ ಹಳೆಯ ಶಿಷ್ಯರ ಮುಖ ಒಂದೊಂದನ್ನೇ ನೋಡುತ್ತಾ: “ನಿಮ್ಮ ನಂಬಿಕೆ ಸರಿಯಾಗೇ ಇತ್ತು ಕಣ್ರಪ್ಪಾ. ಬಿಡೋದನ್ನ ನಾನು ತಪ್ಪು ಕಲಿಸಿದ್ದೆ.”