ಪುಟ್ಟಿಯ ಹುಬ್ಬುಗಳ ನಡುವಿನ ಗಂಟು

ಕ್ಷೌರಿಕನ ಮಗಳು ಪುಟ್ಟಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಮುಖ ತೊಳೆಸುವಾಗ ತಾಯಿಯ ಬೆರಳಿಗೆ, ಅವಳ ಹುಬ್ಬುಗಳ ನಡುವೆ, ಬಟಾಣಿ ಕಾಳಿನಷ್ಟು ಗಂಟು ಸಿಕ್ಕಿತು.

"ರೀ, ಇಲ್ಲಿ ನೋಡಿ. ಏನಿದು?"

ಗಂಡ ಮುಟ್ಟಿ ನೋಡಿದ. "ಯಾವುದೋ ಕುರು ಕಣೇ. ಬ್ಲೇಡಲ್ಲಿ ಸಣ್ಣ ಗೀರು ಎಳೆದ್ರೆ ಒಳಗಿರೋದೆಲ್ಲ ಹೊರಗೆ. ದಿನಾ ಎಷ್ಟು ಗಡ್ಡ ಮಾಡ್ತೀನಿ, ನನಗೆ ಗೊತ್ತಾಗಲ್ವಾ?"

"ಇದು ಗಡ್ಡ ಅಲ್ಲ, ಮಗು!"

ಅವಳು ಪುಟ್ಟಿಯನ್ನು ಎದೆಗವಚಿಕೊಂಡು ಪಕ್ಕದ ಮನೆಯ ನರ್ಸಕ್ಕನ ಬಳಿಗೆ ಓಡಿದಳು. "ಬ್ಲೇಡಲ್ಲಿ ಒಂದು ಗೀರು ಸಾಕಿತ್ತು" ಎಂದು ಗೊಣಗುತ್ತಲೇ ಗಂಡ ಹಿಂದೆ ಬಂದ.

"ಅಕ್ಕ, ಕ್ಯಾನ್ಸರ್ ಗಿನ್ಸರ್ ಏನಾದ್ರೂ..." ತಾಯಿ ಪುಟ್ಟಿಯ ಹಣೆ ತೋರಿಸಿದಳು.

ನರ್ಸಕ್ಕ ಗಂಟನ್ನು ಒತ್ತಲಿಲ್ಲ. "ಮಕ್ಕಳ ಮೈಯಲ್ಲಿ ಬರೋ ಗಂಟುಗಳಲ್ಲಿ ಹೆಚ್ಚಿನವು ಅಪಾಯದ್ದಲ್ಲ. ಆದ್ರೆ ಇದೇನು ಅಂತ ಬರೀ ಕಣ್ಣಲ್ಲಿ ನೋಡಿ ನಾನು ಹೇಳಕ್ಕಾಗಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ. ಬ್ಲೇಡು ಮಾತ್ರ ಹತ್ತಿರ ತರಬೇಡಪ್ಪ."

ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟನ್ನು ಮೆಲ್ಲಗೆ ಮುಟ್ಟಿ ನೋಡಿದರು. "ಹುಟ್ಟಿದಾಗಿಂದ ಇತ್ತಾ? ಅತ್ತಾಗ ಊದುತ್ತಾ?" ಎಂದು ವಿಚಾರಿಸಿದರು. ಆಮೇಲೆ ಹೇಳಿದರು: "ಈ ಜಾಗದ ಗಂಟು ಕೆಲವೊಮ್ಮೆ ಮೂಳೆಯ ಸಂದಿಯಲ್ಲಿ ಮಿದುಳಿನ ತನಕ ಹೋಗಿರುತ್ತೆ. ಚುಚ್ಚಿದ್ರೆ ಸೋಂಕು ಒಳಗೇ ಇಳಿಯಬಹುದು. ಮೊದಲು ಸ್ಕ್ಯಾನ್ ಮಾಡಿಸೋಣ."

ಕ್ಷೌರಿಕನ ಮುಖ ಬಿಳಿಚಿಕೊಂಡಿತು. ಸ್ಕ್ಯಾನ್ ಆಗುವವರೆಗೂ ಅಂಗಡಿಯಲ್ಲಿ ಕತ್ತಿ ಮುಟ್ಟಲಿಲ್ಲ. ಬಂದ ಗಿರಾಕಿಗಳನ್ನು ವಾಪಸ್ ಕಳಿಸಿದ. ಮನೆಯಲ್ಲಿ ಪುಟ್ಟಿ ಸ್ವಲ್ಪ ಸೀನಿದರೂ ಗಂಡ ಹೆಂಡತಿ ಇಬ್ಬರೂ ಬೆಚ್ಚಿಬೀಳುತ್ತಿದ್ದರು.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು: "ಕ್ಯಾನ್ಸರ್ ಥರ ಕಾಣ್ತಿಲ್ಲ. ಹುಟ್ಟಿನಿಂದ ಬಂದ ಚೀಲದಂಥ ಗಂಟು. ಆದ್ರೆ ಅದರ ಒಂದು ಎಳೆ ಒಳಗೆ ಇಳಿದಿದೆ. ಆಪರೇಷನ್ ಮಾಡಿ ಪೂರ್ತಿ ತೆಗೀಬೇಕು."

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಕ್ಷೌರಿಕ ಹೊರಗಿನ ಬೆಂಚಿನಲ್ಲಿ ಕುಸಿದು ಕೂತ. "ನಾನು ಅವತ್ತು ಗೀರಿಬಿಟ್ಟಿದ್ರೆ..."

"ಗೀರಲಿಲ್ವಲ್ಲ," ಎಂದು ಹೆಂಡತಿ ಅವನ ಕೈ ಹಿಡಿದುಕೊಂಡಳು.

ಕೊನೆಗೂ ಬಾಗಿಲು ತೆರೆಯಿತು. "ಎಲ್ಲ ಸರಿಹೋಯ್ತು," ಎಂದರು ಆಪರೇಷನ್ ಮಾಡಿದ ಡಾಕ್ಟರು. ಹಣೆಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಪುಟ್ಟಿ ಕಣ್ಣು ಬಿಟ್ಟವಳೇ ಅಪ್ಪನನ್ನು ನೋಡಿ ಅಳಲು ಶುರುಮಾಡಿದಳು. ಆ ಅಳು ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು.

ನಿಮ್ಮ ಮಗುವಿನ ಮೈಯಲ್ಲಿ ಗಂಟು ಕಂಡರೆ ಗಾಬರಿ ಬೇಡ, ಉದಾಸೀನವೂ ಬೇಡ. ಹಿಸುಕಬೇಡಿ, ಚುಚ್ಚಬೇಡಿ, ಸುಡಬೇಡಿ. ವೈದ್ಯರಿಗೆ ತೋರಿಸಿ. ಗಂಟು ಬೆಳೆಯುತ್ತಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ಮಗುವಿಗೆ ಜ್ವರವಿದ್ದರೆ ಅಥವಾ ಮಗು ಸೊರಗುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಮಗುವನ್ನು ಎತ್ತಿಕೊಂಡು ಇವತ್ತೇ ಹೊರಡಿ.