ಕಮರದ ಒನಕೆ

ಸೊರಟೂರಿನ ಮೋನಪ್ಪ ಬಡಿಗೇರನ ಮನೆಗೆ ಕಬ್ಬಿಣದ ಬಾಗಿಲು. ಊರಿನ ಅರ್ಧ ಮನೆಗಳ ಚೌಕಟ್ಟು ಕೆತ್ತಿದವನ ಮನೆಗೆ ಗದಗಿನ ವೆಲ್ಡಿಂಗ್ ಅಂಗಡಿಯಿಂದ ತಂದ ಚೌಕಟ್ಟು, ಅದರ ಕೆಳಗೆ ಸಿಮೆಂಟಿನ ಹೊಸ್ತಿಲು. ಮಳೆ ಬಂದಾಗ ತುಕ್ಕು ಇಳಿದು ಹೊಸ್ತಿಲಿಗೆ ಹಚ್ಚಿದ ಅರಿಸಿನ ಕುಂಕುಮವೆಲ್ಲ ಕೆಸರಿನ ಬಣ್ಣಕ್ಕೆ ತಿರುಗುತ್ತಿತ್ತು. ಹೆಂಡತಿ ಕಸ್ತೂರೆವ್ವ ಮೂವತ್ತು ವರ್ಷ ಅದನ್ನು ಒರೆಸಿದಳು, ಮೂವತ್ತು ವರ್ಷ ಗಂಡನಿಗೆ ಹೇಳಿದಳು. ಊರವರು ಆಡಿಕೊಂಡು ನಕ್ಕರು. ಮೋನಪ್ಪ ಯಾರಿಗೂ ಸೊಪ್ಪು ಹಾಕಲಿಲ್ಲ.

ಮರ ಇರಲಿಲ್ಲವೆಂದಲ್ಲ. ಹಿತ್ತಲಿನ ಹಾಳು ಬಾವಿಯಲ್ಲಿ ಒಂದು ಕಮರದ ತುಂಡು ಮುಳುಗಿತ್ತು. ಕಮರ ತೇಲುವ ಮರವಲ್ಲ. ನೀರಿಗೆ ಬಿಟ್ಟರೆ ಕಲ್ಲಿನ ಹಾಗೆ ತಳ ಹಿಡಿಯುತ್ತದೆ, ಕೊಡಲಿ ಹಾಕಿದರೆ ಕೊಡಲಿಯ ಬಾಯಿಯೇ ಮುರಿಯುತ್ತದೆ. ಮೋನಪ್ಪನ ಅಪ್ಪ ಈ ಸೀಮೆಗೆಲ್ಲ ಎಣ್ಣೆಗಾಣ ಕೂಡಿಸುತ್ತಿದ್ದ ಬಡಿಗ. ಮುಂಡರಗಿ ಕಡೆಯ ಹೊಲವೊಂದರಲ್ಲಿ ಗಾಳಿಗೆ ಬಿದ್ದ ಕಮರವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಹಸಿ ಮರದ ಸೊಕ್ಕು ಇಳಿಯಲೆಂದು ಬಾವಿಗೆ ಇಳಿಸಿದ್ದ. ನೀರಿನಲ್ಲಿ ಮಾಗಿದ ಕಮರ ಆಮೇಲೆ ಬಿರಿಯುವುದಿಲ್ಲ, ಅದಕ್ಕೆ ಹುಳು ಹತ್ತುವುದಿಲ್ಲ. ಆದರೆ ಮರ ಮಾಗುವಷ್ಟರಲ್ಲಿ ಊರೂರಿಗೆ ಎಣ್ಣೆ ಗಿರಣಿ ಬಂದು ಗಾಣಗಳು ಹಾಳು ಬಿದ್ದವು. ಅಪ್ಪ ಸಾಯುವ ಮುಂದೆ ಹೇಳಿದ್ದು ಒಂದೇ ಮಾತು: “ಅದು ದುಡಿಯೋ ಮರ. ಗಾಣಕ್ಕಷ್ಟ ಹಾಕು.”

ಕಸ್ತೂರೆವ್ವ ಚೌಕಟ್ಟಿನ ಮಾತು ತೆಗೆದಾಗಲೆಲ್ಲ ಮೋನಪ್ಪ ಅದನ್ನೇ ತಿರುಗಿಸಿ ಹೇಳುತ್ತಿದ್ದ.

“ದುಡಿಯೋ ಮರಾ ತಂದು ಬಾಗಲದಾಗ ಸುಮ್ನ ನಿಂದ್ರಸ್ಲೇನು?”

“ಹಂಗಾರ ಬೇವಿಂದರ ಮಾಡ್ರಿ.”

“ಬಡಿಗೇರ ಮನಿಗೆ ಬೇವಿನ ಚೌಕಟ್ಟ? ಮಂದಿ ನಗ್ತಾರ.”

“ಈಗೇನ್ ಅಳಾಕತ್ತಾರೇನು?”

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಠ ಹಿಡಿದ ಮನುಷ್ಯನಿಗೆ ಅಪ್ಪನ ಮಾತೊಂದು ಸಿಕ್ಕಿಬಿಟ್ಟರೆ ಮುಗಿಯಿತು, ಹೆಂಡತಿಯ ಮಾತು ಕಿವಿಯ ಹತ್ತಿರವೂ ಸುಳಿಯುವುದಿಲ್ಲ. ಹುಬ್ಬಳ್ಳಿ ಕಡೆಯ ರೆಸಾರ್ಟಿನವನೊಬ್ಬ ಊಟದ ಮೇಜು ಮಾಡಿಸಲು ಆ ತುಂಡನ್ನು ಕೇಳಿಕೊಂಡು ಬಂದಾಗ, ಮೋನಪ್ಪ ಚಹಾ ಕೂಡ ಕುಡಿಸದೆ ಅವನನ್ನು ಸಾಗಹಾಕಿದ್ದ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಬೆಟಗೇರಿಯ ಕೊಟ್ರೇಶ ಬಂದ. ಕಿರಾಣಿ ವ್ಯಾಪಾರದ ಮನೆತನ, ನಲವತ್ತು ದಾಟದ ವಯಸ್ಸು, ಮಾತೆಂದರೆ ಬೆಣ್ಣೆ. ಪೇಟೆಯವರಿಗೆ ಈಗ ಮತ್ತೆ ಗಾಣದ ಎಣ್ಣೆಯ ಹುಚ್ಚು ಹತ್ತಿದೆ, ಮುಂಡರಗಿ ರಸ್ತೆಯಲ್ಲಿ ಎತ್ತಿನ ಗಾಣ ಹಾಕುವವನಿದ್ದೇನೆ ಎಂದ.

“ಖರೇ ಗಾಣ ಬೇಕು ಕಾಕಾ ನನಗ. ನಿಮ್ಮನ್ನ ಬಿಟ್ರ ಸುತ್ತಮುತ್ತ ಯಾರಿಗೂ ಬರೂದಿಲ್ಲಂತ.”

ಮೋನಪ್ಪನ ಕಣ್ಣಲ್ಲಿ ನೀರು ಬಂತು. ಅರವತ್ತೇಳು ವರ್ಷದ ಮನುಷ್ಯ, ಪರರ ಮುಂದೆ ಅತ್ತದ್ದು ಅದೇ ಮೊದಲು. ತುಂಡನ್ನು ಬಾವಿಯಿಂದ ಎಳೆಯಲು ಟ್ರ್ಯಾಕ್ಟರು, ಸರಪಳಿ, ಎಂಟು ಮಂದಿ ಬಂದರು. ಕಸ್ತೂರೆವ್ವ ಎಂಟೂ ಮಂದಿಗೆ ಚಹಾ ಮಾಡಿಕೊಟ್ಟಳು.

ನಾಲ್ಕು ತಿಂಗಳು ಮರವನ್ನು ನೆರಳಲ್ಲಿ ಆರಿಸಿದ. ಅಂತೂರ ಬೆಂತೂರ ಊರಿನ ಹೊಲದ ಬದುವಿನಲ್ಲಿ ಬಿದ್ದಿದ್ದ ಹಳೆಯ ಗಾಣದ ಕಲ್ಲೊರಳನ್ನು ತರಿಸಿ, ಅದರೊಳಗೆ ಕೂಡುವಂತೆ ಕಮರದ ಬಟ್ಟಲು ಕೆತ್ತಿದ. ಉಳಿದ ಮರದಲ್ಲಿ, ಬಟ್ಟಲೊಳಗೆ ತಿರುಗಿ ಕಾಳು ಅರೆಯುವ ಆಳೆತ್ತರದ ಒನಕೆ ಮಾಡಿದ. ಲಕ್ಷ್ಮೇಶ್ವರದ ಹಳೆಯ ಅಂಗಡಿಯಿಂದ ರಾಳ ತಂದು, ಔಡಲೆಣ್ಣೆಯಲ್ಲಿ ಕಾಯಿಸಿ, ಕಲ್ಲಿಗೂ ಮರಕ್ಕೂ ನಡುವಿನ ಸಂದಿಗೆ ಹೊಯ್ದ. ಬಟ್ಟಲಿನ ಒಳಮೈಗೆ ಮಾತ್ರ ನುಣುಪು ಕೊಡಲಿಲ್ಲ. ಉಳಿಯ ಗೆರೆಗಳನ್ನು ಹಾಗೆಯೇ ಬಿಟ್ಟ. ಕಾಳು ಹಿಡಿದು ನಿಲ್ಲಲು ಆ ಗೆರೆ ಬೇಕು. ಅರೆಯುತ್ತ ಅರೆಯುತ್ತ ಗಾಣ ತಾನೇ ಅದನ್ನು ನುಣ್ಣಗೆ ಮಾಡಿಕೊಳ್ಳುತ್ತದೆ. ಕೊಟ್ರೇಶ ಬಂದು ಮೊಬೈಲು ಹಿಡಿದು, “ಉಳಿ ಹಿಡದ ಇತ್ತಾಗ ನೋಡ್ರಿ ಕಾಕಾ” ಎಂದು ಫೋಟೋ ಹೊಡೆದುಕೊಂಡ.

ಯುಗಾದಿಗೆ ಗಾಣ ಕೂಡಿತು. ಮೊದಲ ದಿನ ಅದು ನರಳುತ್ತ ತಿರುಗಿದ್ದನ್ನು ಕೇಳಿದ ಮೋನಪ್ಪನಿಗೆ ಜನ್ಮ ಸಾರ್ಥಕವೆನಿಸಿತು.

ಗಾಣ ಕೂಡಿಸಿದ ಬಡಿಗ ಮೂರನೆಯ ಅಮಾವಾಸ್ಯೆಗೆ ಕರೆಯದೆ ಹೋಗಬೇಕು. ಅವರ ಮನೆತನದಲ್ಲಿ ನಡೆದುಕೊಂಡು ಬಂದ ಪದ್ಧತಿ ಅದು. ಅಷ್ಟರಲ್ಲಿ ಒನಕೆಯ ಮೊನೆ ಸವೆದಿರುತ್ತದೆ, ಅದನ್ನು ತಿದ್ದಿಕೊಡಬೇಕು. ಅದಕ್ಕೆ ಕೂಲಿಯಿಲ್ಲ. ಗಾಣದ ಮಾಲೀಕ ಒಂದು ಗಿಂಡಿ ಎಣ್ಣೆ ಕೊಡುತ್ತಾನೆ, ಅದರಲ್ಲಿ ಬಡಿಗನ ಮನೆಯ ದೀಪ ಹಚ್ಚುತ್ತಾರೆ. ಈ ಸಲ ಮೂರನೆಯದು ಮಣ್ಣೆತ್ತಿನ ಅಮಾವಾಸ್ಯೆ. ಕಸ್ತೂರೆವ್ವ ಅತ್ತೆಯ ಕಾಲದ ಹಿತ್ತಾಳೆ ಗಿಂಡಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಕೈಗೆ ಕೊಟ್ಟಳು.

“ದೀಪಕ್ಕ ಎಣ್ಣಿ ಹಾಕೂದಿಲ್ಲ ನಾ, ಕಾಯ್ತೀನಿ. ಜಲ್ದಿ ಬರ್ರಿ.”

ಮರ ಹೋದಾಗಿನಿಂದ ಅವಳು ನಕ್ಕಿದ್ದನ್ನು ಮೋನಪ್ಪ ಅಂದೇ ನೋಡಿದ್ದು.

ಮುಂಡರಗಿ ರಸ್ತೆಯಲ್ಲಿ ಬಸ್ಸಿಳಿದಾಗ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು, ಗಾಣದ ನರಳಾಟ ಕೇಳಿಸಲಿಲ್ಲ. ಕಾಳು ಅರೆಯುವ ಗಾಣ ಬಾಯಿ ಮುಚ್ಚಿಕೊಂಡು ತಿರುಗುವುದು ಸಾಧ್ಯವೇ ಇಲ್ಲ. ರಸ್ತೆಯ ಪಕ್ಕದ ದೊಡ್ಡ ಬೋರ್ಡಿನಲ್ಲಿ ಉಳಿ ಹಿಡಿದ ಮೋನಪ್ಪನೇ ನಿಂತಿದ್ದ. ಕೆಳಗೆ, “ಕಮರದ ಗಾಣದ ಅಪ್ಪಟ ಎಣ್ಣೆ.” ಕಾರುಗಳು ನಿಂತಿದ್ದವು. ಹಬ್ಬದ ಬಟ್ಟೆಯುಟ್ಟ ಮಂದಿ ತಿರುಗುವ ಎತ್ತಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎತ್ತು ಹೊಡೆಯುವ ದಾದಾಪೀರ ಮೋನಪ್ಪನನ್ನು ಕಂಡವನೇ ಎತ್ತು ನಿಲ್ಲಿಸಿದ. “ಬರ್ರಿ ಕಾಕಾ” ಎಂದ, ಮುಖ ಮಾತ್ರ ಬೇರೆ ಕಡೆ ತಿರುಗಿಸಿದ.

ಮೋನಪ್ಪ ಬಗ್ಗಿ ಒರಳಿಗೆ ಕೈ ಹಾಕಿದ. ನೋಟಕ್ಕೆಂದು ಚೆಲ್ಲಿದ ಒಂದು ಹಿಡಿ ಶೇಂಗಾ ಕೈಗೆ ಸಿಕ್ಕಿತು. ಅದರ ಕೆಳಗೆ, ಯುಗಾದಿಯ ಹಿಂದಿನ ದಿನ ತಾನು ಬಿಟ್ಟ ಉಳಿಯ ಗೆರೆಗಳು ಒಂದೂ ಸವೆಯದೆ ಬೆರಳಿಗೆ ತಾಗಿದವು. ಸಂದಿಯ ರಾಳ ಹೊಯ್ದ ದಿನದಂತೆಯೇ ಹೊಳೆಯುತ್ತಿತ್ತು. ತಲೆ ಎತ್ತಿ ನೋಡಿದರೆ, ಒನಕೆಯನ್ನು ಹಿಡಿದ ತೊಲೆಯ ಕೆಳಗೆ ನೀಲಗಿರಿ ಮರದ ಬೆಣೆಯೊಂದನ್ನು ಬಡಿದಿದ್ದರು. ಒನಕೆ ಬೆರಳಗಲ ಮೇಲೆದ್ದು, ಬಟ್ಟಲನ್ನು ಮುಟ್ಟದೆ ನಿಂತಿತ್ತು. ಇಷ್ಟು ಹೊತ್ತು ಅದು ತಿರುಗಿದ್ದು ಬರಿ ಗಾಳಿಯಲ್ಲಿ.

“ಯಾವಾಗಿಂದ ಇದು?”

“ಎರಡನೇ ದಿನದಿಂದ ಕಾಕಾ. ಎತ್ತಿಗೆ ಭಾರ ಆಗಬಾರ್ದಂತ ಸಾಹುಕಾರ್ರು ಹೇಳಿದ್ರು.” ದಾದಾಪೀರ ದನಿ ತಗ್ಗಿಸಿದ. “ಎಣ್ಣಿ ಎಲ್ಲಾ ಹಿಂದಿನ ಷೆಡ್ಡಿನ ಮಷೀನಿಂದು. ನಿಮಗ ಹೇಳಾಕ ಬಾಯಿ ಬರಲಿಲ್ಲ.”

ಕೊಟ್ರೇಶ ಓಡಿ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಾಚಿಕೆಯ ಸುಳಿವೂ ಅವನ ಮುಖದಲ್ಲಿರಲಿಲ್ಲ.

“ಎತ್ತಿನ ಗಾಣದಾಗ ದಿನಕ್ಕ ಎಷ್ಟ ಎಣ್ಣಿ ಬರ್ತೈತಿ ಹೇಳ್ರಿ? ಬರೋ ಮಂದಿಗೆ ಸಾಲೂದಿಲ್ಲ. ಅವ್ರಿಗೆ ನೋಡಾಕ ಗಾಣ ಬೇಕು, ಒಯ್ಯಾಕ ಎಣ್ಣಿ ಬೇಕು. ಎರಡೂ ಕೊಡಾಕತ್ತೀನಿ. ನಿಮ್ಮ ಮರಾನೂ ಸವಿಯೂದಿಲ್ಲ, ನೂರು ವರ್ಷ ಹಿಂಗ ಇರ್ತೈತಿ.”

ಮೋನಪ್ಪ ಚೀಲದಿಂದ ಕೊಡತಿ ತೆಗೆದು ಒಂದೇ ಏಟಿಗೆ ಬೆಣೆಯನ್ನು ಹಾರಿಸಿದ. ಒನಕೆ ಧೊಪ್ಪನೆ ಬಟ್ಟಲಿಗೆ ಕೂತಿತು. “ಹೊಡಿ ಎತ್ತ!” ಎಂದು ಕೂಗಿದ. ದಾದಾಪೀರ ಹೊಡೆದ. ಗಾಣ ನರಳಿತು. ನೆರೆದವರು ಹೋ ಎಂದು ಚಪ್ಪಾಳೆ ತಟ್ಟಿ ಮೊಬೈಲು ಎತ್ತಿದರು. ಇದೂ ಆಟದ ಭಾಗವೆಂದೇ ಅವರು ತಿಳಿದಿದ್ದರು.

“ಕಾಳ ಹಾಕಸ್ರಿ ಜಲ್ದಿ!”

“ಕಾಳೆಲ್ಲಾ ಮಷೀನಿಗೆ ಹೋಗ್ಯಾವು ಕಾಕಾ” ಎಂದ ಕೊಟ್ರೇಶ, ನಗುತ್ತಲೇ.

ಒಂದು ಹಿಡಿ ಶೇಂಗಾ ಎರಡು ಸುತ್ತಿನಲ್ಲಿ ಪುಡಿಯಾಯಿತು. ಮೂರನೆಯ ಸುತ್ತಿನಲ್ಲಿ ಗಾಣದ ದನಿ ಬದಲಾಗಿ ಕರಕರ ಎನ್ನತೊಡಗಿತು. ಕಾಳಿಲ್ಲದೆ ಒನಕೆ ತಿರುಗಿದರೆ ಮರವೇ ಮರವನ್ನು ತಿನ್ನುತ್ತದೆ. ಅದು ಕೊಟ್ರೇಶನಿಗೆ ಗೊತ್ತಿರಲಿಲ್ಲ, ಮೋನಪ್ಪನಿಗೆ ಗೊತ್ತಿತ್ತು. ಬಟ್ಟಲಿನಿಂದ ಕೆಂಪು ಹುಡಿ ಏಳುವುದನ್ನು ಅವನಿಂದ ನೋಡಲಾಗಲಿಲ್ಲ. “ನಿಂದ್ರಸೋ, ನಿಂದ್ರಸು” ಎಂದ. ದಾದಾಪೀರ ತೊಲೆ ಎತ್ತಿ ಹಿಡಿದ. ಮೋನಪ್ಪ ಮಣ್ಣಲ್ಲಿ ಬಿದ್ದಿದ್ದ ಬೆಣೆಯನ್ನು ಹುಡುಕಿ ತಂದು ತನ್ನ ಕೈಯಾರೆ ಮತ್ತೆ ಬಡಿದ. ಅವರು ಅಡ್ಡಾದಿಡ್ಡಿ ಬಡಿದಿದ್ದರು. ಇವನು ನೆಟ್ಟಗೆ, ಸಡಿಲಾಗದಂತೆ ಬಡಿದ. ಆ ಕೆಲಸವೂ ಅಚ್ಚುಕಟ್ಟಾಗಿಯೇ ಬಂತಲ್ಲ ಎಂದು ತನ್ನ ಕೈಗಳ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

ಹೊರಡುವಾಗ ಕೊಟ್ರೇಶ ಗಿಂಡಿಯನ್ನು ಇಸಿದುಕೊಂಡು, ಒಳಗೆ ಹೋಗಿ, ತುಂಬಿಸಿ ತಂದ. ಮೋನಪ್ಪ ಅದನ್ನು ಚೆಲ್ಲಬಹುದಿತ್ತು. ದಾರಿಯುದ್ದಕ್ಕೂ ಚೆಲ್ಲಬೇಕೆಂದೇ ಯೋಚಿಸಿದ. ಆದರೆ ಬರಿಗೈಯಲ್ಲಿ ಹೋದರೆ ಏನು ಹೇಳುವುದು? ಬಸ್ಸಿನಲ್ಲಿ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಕೂತ.

ಕಸ್ತೂರೆವ್ವ ಬಾಗಿಲಲ್ಲೇ ಕಾದಿದ್ದಳು. ಒಳಗೆ ದೇವರ ಜಗಲಿಯ ಮೇಲೆ ಪೂಜೆಯಾದ ಮಣ್ಣೆತ್ತುಗಳು, ಅವುಗಳ ಮುಂದೆ ಬತ್ತಿಯಿಟ್ಟ ಒಣ ಹಣತೆ. ಗಿಂಡಿ ಇಸಿದುಕೊಂಡು ಅಂಗೈಗೆ ಎರಡು ಹನಿ ಹಾಕಿಕೊಂಡಳು, ತಿಕ್ಕಿ ಮೂಸಿದಳು. ಶಿರಹಟ್ಟಿಯ ಅವಳ ತವರಿನ ಓಣಿಯಲ್ಲಿ ಗಾಣವಿತ್ತು. ಹದಿನೆಂಟು ವರ್ಷ ಆ ಎಣ್ಣೆ ಉಂಡು ಬೆಳೆದವಳು.

“ಇದು ಗಾಣದ್ದಲ್ಲ.”

“ಅಲ್ಲ.”

“ಮತ್ತ ನಮ್ಮ ಮರಾ ಏನ್ ಮಾಡಾಕತ್ತೈತಿ ಅಲ್ಲಿ?”

ಮೋನಪ್ಪ ಹೊಸ್ತಿಲ ಆಚೆಯೇ ನಿಂತಿದ್ದ.

“ನಿಂತೈತಿ” ಎಂದ.

ಅವಳು ಗಿಂಡಿಯನ್ನು ಕೆಳಗಿಟ್ಟಳು.

“ಸುಮ್ನ ನಿಂದ್ರೂದಿತ್ತಂದ್ರ ನಮ್ಮ ಬಾಗಲದಾಗ ನಿಂದ್ರತಿತ್ತಲ್ರಿ.”

ಅಂಗೈಗೆ ಹತ್ತಿದ ಎಣ್ಣೆಯನ್ನು ಕಬ್ಬಿಣದ ಚೌಕಟ್ಟಿಗೆ ಒರೆಸಿ ಕಸ್ತೂರೆವ್ವ ಒಳಗೆ ಹೋದಳು.